ಸ್ಕೂಲ್ ವ್ಯಾನ್ ಹೋದ್ಮೇಲೆ ವಾಸಿಯಾಗೋ ಹೊಟ್ಟೆನೋವು: ನನ್ನ ಅನುಭವ

ಮಕ್ಕಳ ಕೌನ್ಸೆಲಿಂಗ್‌ಗೆ ಅಂತ ನನ್ನ ಹತ್ರ ಬರೋ ಅಪ್ಪ ಅಮ್ಮಂದಿರಲ್ಲಿ ಎಷ್ಟೋ ಜನ ಮೊದಲು ಹೋಗಿರೋದು ಹೊಟ್ಟೆ ಡಾಕ್ಟರ್ ಹತ್ರ. ಈ ಹುಡುಗಂದೂ ಹಾಗೇ (ಗುರುತು ಸಿಗಬಾರ್ದು ಅಂತ ಕೆಲವು ವಿವರ ಬದಲಾಯ್ಸಿದೀನಿ). ನಾಲ್ಕನೇ ಕ್ಲಾಸು, ದಸರಾ ರಜ ಮುಗಿದಾಗಿಂದ ದಿನಾ ಬೆಳಗ್ಗೆ ಯೂನಿಫಾರ್ಮ್ ಹಾಕೋ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು, ಒಂದೊಂದ್ಸಲ ವಾಂತಿ, ವ್ಯಾನ್ ಹೋಗಿ ಅರ್ಧ ಗಂಟೆಗೆ ಆರಾಮಾಗಿ ಆಡ್ಕೊಂಡಿರೋನು. ಸ್ಕ್ಯಾನ್ ಆಯ್ತು, ಬ್ಲಡ್ ಟೆಸ್ಟ್ ಆಯ್ತು, ಅಜ್ಜಿ ದೃಷ್ಟಿ ತೆಗೆದಿದ್ದೂ ಆಯ್ತು. ಅವರಪ್ಪ ಕೂತ್ಕೊಳ್ಳೋಕೆ ಮುಂಚೇನೇ "ಬರೀ ನಾಟಕ ಮೇಡಂ, ಸ್ವಲ್ಪ ಬುದ್ಧಿ ಹೇಳಿ" ಅಂದ್ರು. ಭಯ ಆದಾಗ ಹೊಟ್ಟೆ ನಿಜವಾಗ್ಲೂ ನೋಯತ್ತೆ ಸರ್, ನಮಗೂ ಇಂಟರ್ವ್ಯೂ ದಿನ ಹೊಟ್ಟೆ ಕೆಡಲ್ವಾ, ಅವನಿಗೆ ಆತಂಕ ಅಂತ ಹೇಳೋಕೆ ಬರಲ್ಲ, ಹೊಟ್ಟೆ ಅಂತ ಹೇಳೋಕೆ ಬರತ್ತೆ ಅಷ್ಟೇ ಅಂದೆ.

ಮೊದಲ ಎರಡು ಸೆಷನ್ ಅವನು ಬಾಯೇ ಬಿಡ್ಲಿಲ್ಲ, ನಾನೂ ಕೇಳ್ಲಿಲ್ಲ. ಚಾಪೆ ಮೇಲೆ ಕೂತು ಅಳಿಗುಳಿಮಣೆ ಆಡಿದ್ವಿ. ಮೂರನೇ ಸಲ ಜೇಡಿಮಣ್ಣು ಕೊಟ್ಟೆ. ಒಂದು ಸ್ಕೂಲ್ ಮಾಡ್ದ, ಅದಕ್ಕೆ ದೊಡ್ಡ ಗೇಟು, ಚಾಪೆಯ ಆ ತುದೀಲಿ ಒಂದು ಮನೆ, ಆಮೇಲೆ ಅಳಿಗುಳಿಮಣೆಯ ಹುಣಸೆಬೀಜ ಎಲ್ಲಾ ತಗೊಂಡು ಒಂದೊಂದಾಗಿ ಮನೆ ಮುಂದೆ ಜೋಡಿಸ್ತಾ ಹೋದ. ಇವರೆಲ್ಲ ಯಾರಪ್ಪಾ ಅಂದೆ. "ಜನ. ತಾತ ಸತ್ತೋಗಿದ್ದಕ್ಕೆ ಬಂದಿರೋದು, ನಾನು ಸ್ಕೂಲಲ್ಲಿದ್ದೆ" ಅಂದ. ಅವನು ಕ್ಲಾಸಲ್ಲಿ ಕೂತಿದ್ದಾಗ ತಾತ ಹೋಗ್ಬಿಟ್ಟಿದ್ರು, ಯಾರೂ ಏನೂ ಹೇಳ್ದೆ ಕರ್ಕೊಂಡು ಬಂದಿದ್ರು, ಬೀದಿ ತಿರುಗಿದ್ರೆ ಮನೆ ಮುಂದೆ ಜನ. ಈಗ ಗೇಟ್ ಮುಚ್ಚಿದ ತಕ್ಷಣ ಅಮ್ಮಂಗೆ ಏನಾದ್ರೂ ಆಗೋಗತ್ತೆ ಅನ್ನೋ ಭಯ. ಮನೇಲಿ ಯಾರಿಗೂ ಹೊಳೆದಿರ್ಲಿಲ್ಲ, ಅಮ್ಮ ಕೇಳಿ ಅತ್ತುಬಿಟ್ರು.

ಕಾರಣ ಗೊತ್ತಾದ ಮಾತ್ರಕ್ಕೆ ಭಯ ಹೋಗಲ್ಲ, ಕೆಲಸ ಶುರುವಾಗೋದೇ ಆಮೇಲೆ. ಒಂದು ಹಾಳೇಲಿ ಏಣಿ ಬರೆದ್ವಿ: ಯೂನಿಫಾರ್ಮ್ ಹಾಕ್ಕೊಂಡು ಮನೇಲೇ ಕೂರೋದು, ಗೇಟ್ ತನಕ ಹೋಗಿ ಬರೋದು, ಒಂದು ಪೀರಿಯಡ್, ಊಟದ ತನಕ, ಪೂರ್ತಿ ದಿನ, ಪ್ರತಿ ಮೆಟ್ಟಿಲಿಗೂ ಭಯ ಹತ್ತಕ್ಕೆ ಎಷ್ಟು ಅಂತ ಅವನೇ ಮಾರ್ಕ್ಸ್ ಹಾಕ್ಬೇಕು. ಭಯ ಏರಿದಾಗ ಮನೆಗೆ ಓಡಿಬಂದ್ರೆ ನಾಳೆ ಅದು ಇನ್ನೂ ದೊಡ್ಡದಾಗತ್ತೆ, ಅಲ್ಲೇ ಇದ್ರೆ ನಿಧಾನಕ್ಕೆ ತಾನೇ ಇಳಿಯತ್ತೆ, ಇದನ್ನ ನಾನು ಹೇಳಿದ್ದಕ್ಕಿಂತ ಅವನ ಮೈಗೇ ಗೊತ್ತಾಗ್ಬೇಕು. ಅಮ್ಮಂಗೆ ಹೇಳಿದ್ದು ಎರಡೇ, ಅವನ ಕಣ್ತಪ್ಪಿಸಿ ಜಾರ್ಕೋಬೇಡಿ, ಟಾಟಾ ಮಾಡೋದನ್ನ ಉದ್ದ ಎಳೀಬೇಡಿ.

ಇಲ್ಲಿ ನಾನೊಂದು ತಪ್ಪು ಮಾಡ್ದೆ. ಪರೀಕ್ಷೆ ಹತ್ರ ಬಂತು ಅಂತ ಅವರಪ್ಪ ಒತ್ತಾಯ ಮಾಡಿದ್ರು, ನಾನು ಒಪ್ಕೊಂಡು ಒಂದೇ ವಾರದಲ್ಲಿ ಎರಡು ಮೆಟ್ಟಿಲು ಹತ್ತಿಸ್ದೆ, ಮಗು ಗೇಟಿನ ಹತ್ರ ವಾಂತಿ ಮಾಡ್ಕೊಂಡು ಮತ್ತೆ ಕೆಳಗಿನ ಮೆಟ್ಟಿಲಿಗೆ ಬಂತು. ಅವನ ಹತ್ರ ಸಾರಿ ಕೇಳ್ದೆ.

ಹದಿಹರೆಯದವರ ಹತ್ರ ಮಣ್ಣು, ಹುಣಸೆಬೀಜ ನಡೆಯಲ್ಲ. ಸೆಕೆಂಡ್ ಪಿಯುಸಿ ಹುಡುಗಿ ಒಬ್ಳು ಬಂದ ದಿನಾನೇ "ಇಲ್ಲಿ ಹೇಳಿದ್ದೆಲ್ಲ ಅಮ್ಮಂಗೆ ಹೋಗತ್ತಲ್ವಾ" ಅಂದ್ಲು. ಅದಕ್ಕೇ ನಾನು ಮೊದಲ ದಿನ ಅಪ್ಪ ಅಮ್ಮನ್ನೂ ಕೂರಿಸಿಕೊಂಡೇ ಹೇಳ್ಬಿಡ್ತೀನಿ, ನಿನ್ನ ಮಾತು ಇಲ್ಲೇ ಇರತ್ತೆ, ಆದ್ರೆ ನಿನ್ನ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದ್ರೆ, ಯಾರಾದ್ರೂ ನಿಂಗೆ ತೊಂದ್ರೆ ಕೊಡ್ತಿದ್ರೆ ಮುಚ್ಚಿಡಲ್ಲ ಅಂತ. ಲೈಂಗಿಕ ದೌರ್ಜನ್ಯ ಆಗಿದ್ರಂತೂ 2012ರ ಪೋಕ್ಸೋ ಕಾಯ್ದೆ ಪ್ರಕಾರ ತಿಳಿಸಲೇಬೇಕು. ಇಷ್ಟು ನೇರವಾಗಿ ಹೇಳಿದ್ಮೇಲೇ ಅವಳು ಮಾತಾಡಿದ್ದು. ನಿದ್ದೆ ಊಟ ಎರಡೂ ಬಿಟ್ಟಿದ್ಲು, ಅದಕ್ಕೆ ಸೈಕಿಯಾಟ್ರಿಸ್ಟ್ ಹತ್ರಾನೂ ಕಳಿಸ್ದೆ, ಮಾತ್ರೆ ಬೇಕಾ ಬೇಡ್ವಾ ಅನ್ನೋದು ಅವರ ತೀರ್ಮಾನ, ನನ್ನದಲ್ಲ. ರಾತ್ರಿ ಹೊತ್ತು ತಡೆಯೋಕಾಗ್ದೇ ಇದ್ರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರನ್ನ ಅವಳ ಫೋನಲ್ಲೇ ಸೇವ್ ಮಾಡಿಸ್ದೆ, 24 ಗಂಟೆಯೂ ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು.

ಆ ಹುಡುಗ ಪೂರ್ತಿ ದಿನ ಸ್ಕೂಲಲ್ಲಿ ಕೂರೋಕೆ ಹನ್ನೊಂದು ವಾರ ಹಿಡೀತು. ಬೇಸಿಗೆ ರಜ ಮುಗಿದು ಸ್ಕೂಲ್ ತೆರೆದಾಗ ಮತ್ತೆ ಎರಡು ದಿನ ಹೊಟ್ಟೆನೋವು ಬಂತಂತೆ. ಅಮ್ಮ ನಂಗೆ ಫೋನ್ ಮಾಡ್ಲಿಲ್ಲ, ಬೀರುವಿಂದ ಆ ಹಾಳೆ ತೆಗೆದು "ಯಾವ ಮೆಟ್ಟಿಲಿಂದ ಶುರು ಮಾಡೋಣ" ಅಂತ ಅವನನ್ನೇ ಕೇಳಿದ್ರಂತೆ. ಮೂರನೇದು ಅಂದನಂತೆ.