ಟೆಂಟ್ ಬಿಚ್ಚುವ ಮುನ್ನ ಪೈಪ್ ಹುಡುಕಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹಳ್ಳದ ಬದಿಯಲ್ಲಿ ತರಗೆಲೆಯ ನಡುವೆ ಕಪ್ಪು ಪೈಪ್ ಕಂಡರೆ ಅದು ಯಾರೋ ಬಿಸಾಡಿದ್ದಲ್ಲ. ಮೇಲಿನ ಅಬ್ಬಿಯಿಂದ (ಗುಡ್ಡದಿಂದ ಇಳಿಯುವ ನೀರು) ಕೆಳಗಿನ ಮನೆಯ ಬಚ್ಚಲಿಗೆ, ಅಡುಗೆಮನೆಗೆ ಮೋಟರಿಲ್ಲದೆ ನೀರು ಇಳಿಯುವುದು ಅದರಲ್ಲೇ. ವಾರಾಂತ್ಯಕ್ಕೆ ಬಂದವರು ಅದೇ ಹಳ್ಳದ ತಲೆಯಲ್ಲಿ ನೂಡಲ್ಸ್ ಪಾತ್ರೆ ತಿಕ್ಕುವುದನ್ನೂ ಬಂಡೆಯ ಮರೆಗೆ ಹೋಗಿಬರುವುದನ್ನೂ ನೋಡಿ ಸಾಕಾಗಿದೆ.

ಮೊದಲು ಕೇಳಿ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿನಲ್ಲಿ ತಂಗುವಂತಿಲ್ಲ; ಕಾಳಿ ಹುಲಿ ಮೀಸಲು ಪ್ರದೇಶದೊಳಗಂತೂ ಆ ಯೋಚನೆಯೇ ಬೇಡ. ಸೊಪ್ಪಿನ ಬೆಟ್ಟ ನೋಡಲು ಖಾಲಿ, ಆದರೆ ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಕು (ಒಣಗಿದ ತರಗೆಲೆ) ಬರುವುದು ಅಲ್ಲಿಂದ. ಹತ್ತಿರದ ಮನೆಗೆ ಹೋಗಿ, ‘ಅಕ್ಕಾ, ನಿಮ್ಮ ನೀರು ಎಲ್ಲಿಂದ ಬರ್ತದೆ?’ ಎಂದು ವಿಚಾರಿಸಿ. ‘ಆಸರಿಗೆ ಎಂತ ಕುಡೀತ್ರಿ?’ ಎಂಬ ಮರುಪ್ರಶ್ನೆ ಬಂದರೆ ಬೇಡ ಎನ್ನಬೇಡಿ. ದಣಪೆ (ಬೇಲಿಗೆ ಅಡ್ಡಗಳು ಹಾಕಿದ ಬಾಗಿಲು) ತೆಗೆದವರು ಮತ್ತೆ ಹಾಕಿ, ಇಲ್ಲದಿದ್ದರೆ ದನ ತೋಟಕ್ಕೆ ನುಗ್ಗುತ್ತದೆ.

ಟೆಂಟ್ ಸಮತಟ್ಟಾದ ಜಾಗದಲ್ಲಿ, ಒಣಕೊಂಬೆ ಇಲ್ಲದ ಕಡೆ ಇರಲಿ. ಅಷ್ಟು ಸಾಕು.

ಇನ್ನು ಬಯಲುಕಡೆ. ಬಹುತೇಕರು ಕೆಡಿಸುವುದು ಇದನ್ನೇ. ಹಳ್ಳ, ಕೆರೆ, ಕಾಲುದಾರಿ ಯಾವುದೇ ಇರಲಿ, ಕನಿಷ್ಠ 200 ಅಡಿ ದೂರ ಹೋಗಬೇಕು. ಅಂದರೆ ಸುಮಾರು 80 ದೊಡ್ಡ ಹೆಜ್ಜೆ. ಕತ್ತಲಲ್ಲಿ ಟಾರ್ಚ್ ಹಿಡಿದು ಹೊರಟವರಿಗೆ 20 ಹೆಜ್ಜೆಗೇ ಸಾಕೆನಿಸುತ್ತದೆ, ಹಾಗಾಗಿ ಬೆಳಕಿರುವಾಗಲೇ ಗುಂಡಿ ತೋಡಿಡಿ. ಒಣಗಿದ ಕೊರಕಲಿನ ಮಣ್ಣು ಮೃದು ಎಂದು ಅಲ್ಲಿ ತೋಡಬೇಡಿ, ಜೂನ್‌ನಲ್ಲಿ ಅದೇ ಹಳ್ಳವಾಗುತ್ತದೆ. ಗುಡ್ಡದ ನೆತ್ತಿಯಲ್ಲಿ ನಾಲ್ಕು ಬೆರಳು ಕೆಳಗೇ ಚಿರೆಕಲ್ಲು ಸಿಗಬಹುದು; ಮರದ ನೆರಳಿನ ಕಪ್ಪು ಮಣ್ಣು ಹುಡುಕಿ. ಆನ್‌ಲೈನ್‌ನಲ್ಲಿ ಮಾರುವ ಪ್ಲಾಸ್ಟಿಕ್ ಸಲಿಕೆ ಚಿರೆಕಲ್ಲಿಗೆ ತಾಗಿದರೆ ಮುಗಿಯಿತು. ಪೇಟೆಯ ಅಂಗಡಿಯಿಂದ ಕಬ್ಬಿಣದ ಸಣ್ಣ ಗುದ್ದಲಿ ತನ್ನಿ. ಆಳ 6ರಿಂದ 8 ಇಂಚು. ಕೊಳೆಸುವ ಜೀವಿಗಳು ಮೇಲ್ಮಣ್ಣಿನಲ್ಲೇ ಹೆಚ್ಚು, ಅದಕ್ಕಿಂತ ಕೆಳಗೆ ಹೋದರೆ ಪ್ರಯೋಜನವಿಲ್ಲ. ನೀರನ್ನು ಬಾಟಲಿಯಲ್ಲಿ ಒಯ್ಯಿರಿ. ತೊಳೆಯಲು ವಾಪಸ್ ಹಳ್ಳಕ್ಕೇ ಬಂದರೆ ಅಷ್ಟು ನಡೆದದ್ದು ದಂಡ. ವೆಟ್ ವೈಪ್ಸ್ ತರಲೇಬೇಡಿ, ಹೆಚ್ಚಿನವುಗಳಲ್ಲಿ ಪ್ಲಾಸ್ಟಿಕ್ ನೂಲಿರುತ್ತದೆ. ಪ್ಯಾಡ್, ಡೈಪರ್‌ಗಳು ಕಟ್ಟಿದ ಚೀಲದಲ್ಲಿ ನಿಮ್ಮ ಜೊತೆಗೇ ಊರಿಗೆ. ಕೊನೆಗೆ ತೆಗೆದ ಮಣ್ಣನ್ನೆಲ್ಲ ತುಂಬಿ, ತುಳಿದು, ಮೇಲೆ ದರಕು ಹರಡಿ. ಒಂದು ಕಲ್ಲು ಹೊದಿಸಿ ಬರುವ ಸೋಮಾರಿತನ ಬೇಡ.

ಪಾತ್ರೆ ತೊಳೆಯುವುದಕ್ಕೂ ಇದೇ ಲೆಕ್ಕ. ನೀರು ಕೊಡದಲ್ಲಿ ದೂರ ಒಯ್ದು ತೊಳೆದು ಮಣ್ಣಿಗೆ ಚೆಲ್ಲಿ. ‘ಪರಿಸರಸ್ನೇಹಿ’ ಸೋಪಾದರೂ ಹಳ್ಳಕ್ಕೆ ಬೇಡ. ನನ್ನ ಕೇಳಿದರೆ ಬೂದಿ ಸಾಕು.

ಕಡಲ ತೀರದಲ್ಲಿ ಗುಂಡಿಯ ಉಪಾಯ ನಡೆಯುವುದಿಲ್ಲ. ಮರಳನ್ನು ನಾಯಿ ಬಗೆಯುತ್ತದೆ, ಅಲೆ ಎಳೆಯುತ್ತದೆ. ಗೋಕರ್ಣವಿರಲಿ, ಮಾಜಾಳಿಯಿರಲಿ, ಶೌಚಾಲಯ ಹತ್ತಿರವಿಲ್ಲದ ಕಡೆ ತಂಗಬೇಡಿ. ದೋಣಿ ಎಳೆಯುವ ದಾರಿಯಲ್ಲಿ, ಬಲೆ ಒಣಗಿಸುವ ಜಾಗದಲ್ಲಿ ಟೆಂಟ್ ಹಾಕಬೇಡಿ. ಬೆಳಗಿನ ಜಾವ ಮೀನುಗಾರರು ನಿಮ್ಮನ್ನು ಎಬ್ಬಿಸಿದರೆ ತಪ್ಪು ಅವರದ್ದಲ್ಲ. ಚಳಿಗಾಲದಲ್ಲಿ ಈ ಕರಾವಳಿಗೆ ಆಲಿವ್ ರಿಡ್ಲಿ ಕಡಲಾಮೆ ಮೊಟ್ಟೆಯಿಡಲು ಬರುತ್ತದೆ. ಮರಿಗಳು ಬೆಳಕಿನತ್ತ ತೆವಳುವುದರಿಂದ ಬಿಳಿ ಲೈಟಿನ ಸರ ಕಟ್ಟಬೇಡಿ.

ಬೆಂಕಿ ಬೇಡ, ಗ್ಯಾಸ್ ಒಲೆ ತನ್ನಿ. ಹಾಕಿಯೇ ಬಿಟ್ಟಿದ್ದರೆ ನೀರು ಸುರಿದು ಕೈಯಿಟ್ಟು ನೋಡುವಷ್ಟು ತಣ್ಣಗೆ ಮಾಡಿ. ಮರಳು ಮುಚ್ಚಿದ ಕೆಂಡ ಗಂಟೆಗಟ್ಟಲೆ ಬಿಸಿಯಾಗಿರುತ್ತದೆ, ಬರಿಗಾಲಲ್ಲಿ ಬರುವವರ ಅಂಗಾಲು ಸುಡುತ್ತದೆ.

ಸ್ಪೀಕರ್? ಮನೆಯಲ್ಲೇ ಬಿಡಿ. 2000ರ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷಿದ್ಧ. ತೋಟದ ಕಣಿವೆಯಲ್ಲಿ ಮಾತೂ ಆಚೆ ಮನೆಯ ಜಗಲಿಗೆ ಕೇಳುತ್ತದೆ.

ಹೊರಡುವಾಗ ಕಸದ ಚೀಲವನ್ನು ನೀರು ಕೊಟ್ಟ ಮನೆಯ ಅಂಗಳದಲ್ಲಿ ಇಟ್ಟು ಹೋಗಬೇಡಿ. ಒಳಗಿನ ಹಳ್ಳಿಗಳಿಗೆ ಕಸದ ಗಾಡಿ ದಿನಾ ಬರುವುದಿಲ್ಲ. ಆ ಬಾಟಲಿಗಳನ್ನು ಅವರೇ ಪೇಟೆಗೆ ಹೊರಬೇಕಾಗುತ್ತದೆ.