ದಾಸರ ಪದಕ್ಕೂ ಬಂತು ಕಾಪಿರೈಟ್ ತಕರಾರು

ನಾನು ಯೂಟ್ಯೂಬ್‌ಗೆ ಹಾಕಿದ ಪುರಂದರದಾಸರ ಪದಕ್ಕೆ ಯಾವುದೋ ಕ್ಯಾಸೆಟ್ ಕಂಪನಿ ಹಕ್ಕು ಹೇಳಿದೆ ಎಂದು ಊಟದ ಹೊತ್ತಿನಲ್ಲಿ ತಿಳಿಸಿದಾಗ ನಮ್ಮ ಅತ್ತೆಯವರಿಗೆ ನಗು ತಡೆಯಲಾಗಲಿಲ್ಲ. ‘ಇದ್ದದ್ದನ್ನೆಲ್ಲ ದಾನ ಮಾಡಿ ತಂಬೂರಿ ಹಿಡಿದು ಹೊರಟವರು ಅವರು. ಅವರ ಆಸ್ತಿಗೆ ಈಗ ವಾರಸುದಾರರು ಹುಟ್ಟಿಕೊಂಡರೇ?’ ಎಂದರು. ನನಗೆ ಮಾತ್ರ ನಗು ಬರಲಿಲ್ಲ. ಹಾಡಿದ್ದು ನಾನು, ಚಿತ್ರೀಕರಿಸಿದ್ದು ನನ್ನ ಮಗ, ಜಾಗ ನಮ್ಮದೇ ಪಡಸಾಲೆ. ಹೀಗಿರುವಾಗ ಅದು ಇನ್ನೊಬ್ಬರದು ಹೇಗಾಯಿತು ಎನ್ನುವುದೇ ತಿಳಿಯಲಿಲ್ಲ.

ಧಾರವಾಡದಲ್ಲಿ ಇಪ್ಪತ್ತು ವರ್ಷಗಳಿಂದ ಸುಗಮ ಸಂಗೀತ ಕಲಿಸುತ್ತಿದ್ದೇನೆ. 2020ರ ಲಾಕ್‌ಡೌನ್‌ನಲ್ಲಿ ಪಾಠ ನಿಲ್ಲಬಾರದೆಂದು ಯೂಟ್ಯೂಬ್‌ನಲ್ಲಿ ಒಂದು ಚಾನೆಲ್ ತೆರೆದೆ. ಮಕ್ಕಳು ಕೇಳಿ ಅಭ್ಯಾಸ ಮಾಡಲಿ ಎಂಬುದಷ್ಟೇ ಉದ್ದೇಶವಾಗಿತ್ತು. ನಿಧಾನವಾಗಿ ಹೊರದೇಶದ ಕನ್ನಡ ಮನೆಗಳವರೂ ಕೇಳತೊಡಗಿದರು, ಜಾಹೀರಾತಿನಿಂದ ತಬಲಾ ವಾದಕರ ಸಂಭಾವನೆಗೆ ಸಾಲುವಷ್ಟು ಹಣವೂ ಬರತೊಡಗಿತು. ಕಾಪಿರೈಟ್ ಎಂದರೆ ಸಿನಿಮಾದವರ ತಲೆನೋವು ಎಂದುಕೊಂಡಿದ್ದೆ.

ಮೊದಲ ತಕರಾರು ಬಂದಾಗ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಪೂರ್ತಿ ಓದದೆ ಸಿಟ್ಟಿನಲ್ಲಿ ಉತ್ತರ ಬರೆದೆ: ‘ಇದು 16ನೇ ಶತಮಾನದ ಹರಿದಾಸರ ರಚನೆ, ಯಾರ ಸ್ವತ್ತೂ ಅಲ್ಲ.’ ತಕರಾರಿಗೆ ನಾವು ಆಕ್ಷೇಪ ಸಲ್ಲಿಸಿದರೆ ಹಕ್ಕು ಹೇಳಿದವರಿಗೆ ಉತ್ತರಿಸಲು ಮೂವತ್ತು ದಿನ ಕಾಲಾವಕಾಶವಿದೆ. ಅವರು ಸುಮ್ಮನಿದ್ದರೆ ತಕರಾರು ತಾನಾಗಿ ಬಿದ್ದುಹೋಗುತ್ತದೆ. ಅವರು ಸುಮ್ಮನಿರಲಿಲ್ಲ. ಹನ್ನೆರಡನೆಯ ದಿನ ‘ಆಕ್ಷೇಪ ತಿರಸ್ಕೃತ’ ಎಂದು ಬಂತು.

ಅಂದು ರಾತ್ರಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತೆ. ತಕರಾರಿನ ಪುಟದಲ್ಲಿ ವಿಡಿಯೊದ ಯಾವ ಭಾಗ ಯಾವುದಕ್ಕೆ ಹೋಲುತ್ತದೆ ಎಂದು ನಿಮಿಷ ಸೆಕೆಂಡುಗಳ ಸಮೇತ ತೋರಿಸಿರುತ್ತಾರೆ. ನನ್ನದರಲ್ಲಿ ಮೊದಲ ನಲವತ್ತೇಳು ಸೆಕೆಂಡುಗಳಿಗೆ ಮಾತ್ರ ಗುರುತು ಇತ್ತು. ಹಾಕಿ ಕೇಳಿದರೆ ಅದರಲ್ಲಿ ನಾನು ಇಲ್ಲವೇ ಇಲ್ಲ, ದಾಸರೂ ಇಲ್ಲ! ನಾನು ಪಲ್ಲವಿ ಎತ್ತಿಕೊಳ್ಳುವುದಕ್ಕೆ ಮುಂಚೆ ಶ್ರುತಿ ಹಿಡಿದು ಕುಳಿತ ಹೊತ್ತು ಅದು. ಕೇಳುವುದು ತಂಬೂರಿಯ ಮೊರೆತ, ಹಿಂದಿನಿಂದ ಬರುವ ತಬಲಾ ಠೇಕಾ. ಎರಡೂ ನನ್ನ ಮೊಬೈಲಿನ ಒಂದು ಆ್ಯಪ್‌ನವು. ಅದೇ ಆ್ಯಪ್ ಇಟ್ಟುಕೊಂಡು ಇನ್ಯಾರೋ ಹಾಡಿದ್ದಾರೆ, ಅವರ ಹಾಡನ್ನು ಕಂಪನಿ ತನ್ನ ಹೆಸರಿನಲ್ಲಿ ನೋಂದಾಯಿಸಿದೆ. ಯೂಟ್ಯೂಬ್‌ನ ಹೋಲಿಕೆ ಹುಡುಕುವ ಯಂತ್ರ ಎರಡು ತಂಬೂರಿ ಒಂದೇ ಎಂದು ಸರಿಯಾಗಿಯೇ ಹೇಳಿದೆ. ಆದರೆ ಹಾಗೆ ಯಾರು ಬೇಕಾದರೂ ಬಳಸಬಹುದಾದ ಧ್ವನಿತುಣುಕನ್ನು ತನ್ನೊಬ್ಬನದೆಂದು ನೋಂದಾಯಿಸಬಾರದು ಎನ್ನುವುದು ಆ ವ್ಯವಸ್ಥೆಯದೇ ನಿಯಮ. ಅಂದರೆ ನನ್ನ ವಾದ ಗಟ್ಟಿಯಾಗಿಯೇ ಇತ್ತು, ನಾನು ಮಂಡಿಸಿದ್ದು ಮಾತ್ರ ಬೇರೆ ವಾದ. ಅವರು ಕೇಳಿದ್ದು ಧ್ವನಿಯ ಮೇಲಿನ ಹಕ್ಕು. ನಾನು ಉತ್ತರ ಕೊಟ್ಟದ್ದು ಸಾಹಿತ್ಯದ ಬಗ್ಗೆ.

ಮೇಲ್ಮನವಿ ಹಾಕಬಹುದಿತ್ತು. ಆದರೆ ಅಲ್ಲಿ ನಿಜವಾದ ಹೆಸರು, ವಿಳಾಸ, ಫೋನ್ ಸಂಖ್ಯೆ ಕೊಡಬೇಕು, ಅವು ಎದುರಿನವರ ಕೈ ಸೇರುತ್ತವೆ. ಅವರು ಮೇಲ್ಮನವಿಯನ್ನೂ ಒಪ್ಪದೆ ವಿಡಿಯೊ ತೆಗೆಸಿದರೆ ಚಾನೆಲ್‌ಗೆ ಒಂದು ಸ್ಟ್ರೈಕ್ ಬೀಳುತ್ತದೆ. ತೊಂಬತ್ತು ದಿನದೊಳಗೆ ಅಂಥ ಮೂರು ಬಿದ್ದರೆ ಚಾನೆಲ್ಲೇ ಹೋಗುತ್ತದೆ. ‘ನಾಲ್ಕು ಕಾಸಿಗೆ ಕೋರ್ಟು ಕಚೇರಿ ಅಲೆಯುವುದು ಬೇಕೇ?’ ಎಂದು ಯಜಮಾನರು ಗೊಣಗಿದರು. ಪರಿಚಯದ ವಕೀಲರೊಬ್ಬರನ್ನು ಕೇಳಿದೆ. ತಕರಾರು ಎಂದರೆ ತೀರ್ಪಲ್ಲ, ಅದು ಒಬ್ಬರ ಹೇಳಿಕೆ ಅಷ್ಟೆ ಎಂದರು ಅವರು. 1957ರ ಕೃತಿಸ್ವಾಮ್ಯ ಕಾಯ್ದೆಯ 60ನೇ ಕಲಂ ತೆಗೆದು ತೋರಿಸಿದರು: ಆಧಾರವಿಲ್ಲದೆ ಹಕ್ಕುಸ್ವಾಮ್ಯದ ಹೆಸರಿನಲ್ಲಿ ಬೆದರಿಸಿದವರ ಮೇಲೆ ಬೆದರಿಕೆಗೊಳಗಾದವರೇ ದಾವೆ ಹೂಡಬಹುದು. ನಾನೇನೂ ದಾವೆ ಹೂಡುವವಳಲ್ಲ, ಆದರೆ ಆ ಕಲಂ ಓದಿದ ಮೇಲೆ ಬೆನ್ನು ನೆಟ್ಟಗಾಯಿತು. ಮೇಲ್ಮನವಿಯಲ್ಲಿ ನಾಲ್ಕೇ ಸಾಲು ಬರೆದೆ: ಗುರುತಿಸಿದ ಭಾಗದಲ್ಲಿ ಗಾಯನವಿಲ್ಲ, ಇರುವುದು ಇಂಥ ಆ್ಯಪ್‌ನ ತಂಬೂರಿ ಮತ್ತು ಠೇಕಾ, ಅದರ ಬಳಕೆಯ ಷರತ್ತು ಇಂತಿದೆ, ಉಳಿದದ್ದು ನನ್ನ ಸ್ವಂತ ಧ್ವನಿಮುದ್ರಣ. ಮೇಲ್ಮನವಿಗೆ ಉತ್ತರಿಸಲು ಅವರಿಗಿದ್ದ ಏಳು ದಿನದ ಗಡುವಿನಲ್ಲಿ ಆರನೆಯ ದಿನ ತಕರಾರು ಹಿಂದೆಗೆದರು. ಕ್ಷಮಾಪಣೆ ಎಂಬ ಶಬ್ದ ಆ ಮೇಲ್‌ನಲ್ಲಿ ಎಲ್ಲೂ ಇರಲಿಲ್ಲ.

ಆಗ ಶುರುವಾದದ್ದು ನನ್ನ ಉದ್ದನೆಯ ನೋಟ್‌ಬುಕ್. ಪ್ರತಿ ಹಾಡಿಗೂ ಒಂದು ಸಾಲು, ಸಾಲಿಗೆ ನಾಲ್ಕು ಮನೆ: ಸಾಹಿತ್ಯ, ರಾಗಸಂಯೋಜನೆ, ಗಾಯನ ಮತ್ತು ವಾದನ, ಧ್ವನಿಮುದ್ರಣ. ನಾವು ಒಂದು ಹಾಡು ಎನ್ನುವುದನ್ನು ಕಾನೂನು ನಾಲ್ಕು ಹೋಳು ಮಾಡಿ ನೋಡುತ್ತದೆ, ಒಂದೊಂದಕ್ಕೂ ಬೇರೆ ಒಡೆಯರು ಇರಬಹುದು, ಬೇರೆ ಅವಧಿಯೂ ಇರುತ್ತದೆ. ಸಾಹಿತ್ಯ ಮತ್ತು ಸಂಗೀತದ ಹಕ್ಕು ಕರ್ತೃವಿನ ಜೀವಿತಾವಧಿ, ಆಮೇಲೆ 60 ವರ್ಷ. ಧ್ವನಿಮುದ್ರಣದ್ದು ಬಿಡುಗಡೆಯಾದ ವರ್ಷದ ಮರುವರ್ಷದಿಂದ 60 ವರ್ಷ. ವಚನಗಳು, ದಾಸರ ಪದಗಳು, ಸರ್ವಜ್ಞ ಮುಕ್ತ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಮಕ್ಕಳ ಪದ್ಯಗಳೂ ಮುಕ್ತ. ನಮ್ಮೂರಿನ ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಹಾಗಾಗಿ ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೆ ಇರುತ್ತದೆ. ಸಾಧನಕೇರಿಯ ಕಡೆ ಸಂಜೆ ನಡೆಯಲು ಹೋಗುವ ನಮ್ಮಂಥವರಿಗೆ ಅವರ ಪದ್ಯ ನಮ್ಮ ಮನೆಯದೇ ಎನ್ನಿಸಿಬಿಟ್ಟಿರುತ್ತದೆ; ಲೆಕ್ಕ ಬೇರೆ.

ಎರಡನೆಯ ಮನೆಯೇ ನನ್ನನ್ನು ಕೆಡವಿದ್ದು. ಶಿಶುನಾಳ ಶರೀಫರ ತತ್ವಪದವೊಂದನ್ನು ನನ್ನ ವಿದ್ಯಾರ್ಥಿನಿಯರಿಂದ ಹಾಡಿಸಿದ್ದೆ. ಶರೀಫರು 1889ರಲ್ಲಿ ತೀರಿಕೊಂಡವರು, ತಕರಾರು ಹೇಗೆ ಬರುತ್ತದೆ ಎಂಬ ಧೈರ್ಯ. ಬಂತು. ಈ ಸಲ ಸಿಟ್ಟಾಗದೆ ಮೊದಲು ಓದಿದೆ: ‘ಸ್ವರಸಂಯೋಜನೆ’ ಎಂದಿತ್ತು. ನಿಜವೇ. ಆ ಮಟ್ಟು ನಾನು ಕಲಿತದ್ದು ಕಾಲೇಜಿನ ದಿನಗಳ ಕ್ಯಾಸೆಟ್ಟಿನಿಂದ, ಆ ಸಂಯೋಜಕರು ತೀರಿಕೊಂಡು ಇನ್ನೂ ಇಪ್ಪತ್ತು ವರ್ಷವಾಗಿಲ್ಲ. ಕ್ಯಾಸೆಟ್ ಎಷ್ಟು ಮನೆಮಾತಾಗಿತ್ತೆಂದರೆ ಶರೀಫರೇ ಆ ಧಾಟಿಯಲ್ಲಿ ಹಾಡುತ್ತಿದ್ದರೇನೋ ಎಂದು ನಾವೆಲ್ಲ ನಂಬಿಬಿಟ್ಟಿದ್ದೆವು. ಆಕ್ಷೇಪ ಹಾಕಲಿಲ್ಲ. ವಿಡಿಯೊ ಉಳಿಯಿತು, ಅದರ ಜಾಹೀರಾತಿನ ಹಣ ಈಗ ಕಂಪನಿಗೆ ಹೋಗುತ್ತದೆ. ಹೋಗಲಿ, ಆ ಮಟ್ಟಿಗೆ ಅಷ್ಟು ಬೆಲೆ ಇದೆ. ಅದರಲ್ಲಿ ಸಂಯೋಜಕರ ಮನೆಯವರಿಗೆ ಎಷ್ಟು ಮುಟ್ಟುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ನಾನು ಬಿಟ್ಟುಕೊಟ್ಟಿಲ್ಲ. 2012ರ ತಿದ್ದುಪಡಿಯ ನಂತರ ಗೀತರಚನಕಾರರೂ ಸಂಯೋಜಕರೂ ಸಿನಿಮಾ ಮಂದಿರದ ಹೊರಗಿನ ಬಳಕೆಗಳ ರಾಯಧನದಲ್ಲಿ ತಮ್ಮ ಸಮಪಾಲನ್ನು ಕಂಪನಿಗೆ ಬರೆದುಕೊಡುವಂತಿಲ್ಲ, ಆದರೆ ಕ್ಯಾಸೆಟ್ ಯುಗದವರು ಯಾವ ಕಾಗದಕ್ಕೆ ಸಹಿ ಹಾಕಿದ್ದರೋ.

ಅನುಮತಿ ಪತ್ರದ ವಿಚಾರದಲ್ಲಿ ಸ್ವಲ್ಪ ಎಳೆದು ಹೇಳುತ್ತೇನೆ, ಏಕೆಂದರೆ ನಮ್ಮ ಬಳಗದ ಯಾರೂ ಇದನ್ನು ಗಮನಿಸಿದಂತಿಲ್ಲ. ಒಬ್ಬ ಕವಿಯ ಮಗಳಿಗೆ ಫೋನ್ ಮಾಡಿ, ಅವರ ತಂದೆಯ ಮೂರು ಪದ್ಯಗಳಿಗೆ ನಾನೇ ರಾಗ ಹಾಕಿ ಹಾಡಬಹುದೇ ಎಂದು ಕೇಳಿದೆ. ‘ಹಾಡಿರಮ್ಮ, ಅದಕ್ಕೇನು ಕೇಳುತ್ತೀರಿ, ಅಪ್ಪನ ಹೆಸರು ಹಾಕಿ ಸಾಕು’ ಎಂದರು. ಬರವಣಿಗೆಯಲ್ಲಿ ಬೇಕು ಎಂದು ಸಂಕೋಚದಿಂದ ಕೇಳಿದ್ದಕ್ಕೆ ಎರಡು ಸಾಲು ಬರೆದು ಸಹಿ ಹಾಕಿ ಕಳಿಸಿದರು. ಗೆದ್ದೆ ಎಂದುಕೊಂಡೆ. ವಕೀಲರು ಪತ್ರ ನೋಡಿ ತಲೆಯಾಡಿಸಿದರು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷ ಎಂದು ಓದುತ್ತದೆ, ಎಲ್ಲೆಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಓದುತ್ತದೆ. ನನ್ನ ಕೇಳುಗರಲ್ಲಿ ಕಾಲು ಭಾಗ ದುಬೈ, ಅಮೆರಿಕದವರು! ಮತ್ತೆ ಫೋನ್ ಮಾಡಿದೆ. ಆಕೆ ಬೇಸರಿಸದೆ ಹೊಸ ಪತ್ರ ಬರೆದರು. ಈಗ ಯಾರಿಗೆ ಪತ್ರ ಕಳಿಸಿದರೂ ಐದು ವಿಷಯ ನಾನೇ ತುಂಬಿ ಕಳಿಸುತ್ತೇನೆ: ಯಾವ ಪದ್ಯ, ಯಾವ ಬಳಕೆ (ಅಂತರ್ಜಾಲ ಎಂಬ ಪದ ಇರಲೇಬೇಕು), ಎಷ್ಟು ವರ್ಷ, ಯಾವ ಪ್ರದೇಶ, ಸಂಭಾವನೆ ಇದೆಯೇ ಇಲ್ಲವೇ. ಹಕ್ಕು ಪ್ರಕಾಶಕರ ಬಳಿ ಇಲ್ಲ ಎಂಬುದನ್ನೂ ಮೊದಲೇ ಕೇಳಿಕೊಳ್ಳುತ್ತೇನೆ.

ಸ್ಟ್ರೈಕ್ ಬಿದ್ದದ್ದು ನಾನು ಅತ್ಯಂತ ಹಗುರವಾಗಿ ತೆಗೆದುಕೊಂಡ ವಿಡಿಯೊಗೆ. ವಾರ್ಷಿಕೋತ್ಸವದಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಹಳೆಯ ಚಿತ್ರಗೀತೆ ಹಾಡಿದ್ದಳು, ಪೇಟೆಯ ಅಂಗಡಿಯಲ್ಲಿ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಬಂದ ಕರೋಕೆ ಟ್ರ್ಯಾಕಿಗೆ. ದುಡ್ಡು ಕೊಟ್ಟು ತಂದದ್ದಲ್ಲವೇ ಎಂದುಕೊಂಡೆ. ಮಾರಿದವನಿಗೇ ಹಕ್ಕಿರಲಿಲ್ಲ. ‘ಅಕ್ಕಾವರೆ, ನನ್ನ ಹಾಡು ಕಾಣಿಸುತ್ತಿಲ್ಲ’ ಎಂದು ಆ ಮಗುವೇ ಫೋನ್ ಮಾಡಿದ್ದು. ಗಾಬರಿಯಲ್ಲಿ ವಿಡಿಯೊವನ್ನು ಪೂರ್ತಿ ಅಳಿಸಿಬಿಟ್ಟೆ. ಅಳಿಸಿದರೆ ಸ್ಟ್ರೈಕ್ ಹೋಗುವುದಿಲ್ಲ ಎಂದು ಆಮೇಲೆ ತಿಳಿಯಿತು. ಇದ್ದದ್ದು ಮೂರೇ ದಾರಿ: ದೂರುದಾರರಿಂದಲೇ ದೂರು ಹಿಂದೆಗೆಸುವುದು, ಪ್ರತಿಸೂಚನೆ ಕೊಡುವುದು, ಇಲ್ಲವೇ ತೊಂಬತ್ತು ದಿನ ಕಾಯುವುದು. ಪ್ರತಿಸೂಚನೆ ಎಂದರೆ ‘ಬೇಕಾದರೆ ದಾವೆ ಹೂಡಿ’ ಎಂದು ಸವಾಲು ಹಾಕಿದಂತೆ, ತಪ್ಪು ನನ್ನದಿರುವಾಗ ಅದನ್ನು ಕೊಡಬಾರದು. ಕಾಪಿರೈಟ್ ಪಾಠದ ಪುಟ್ಟ ಪರೀಕ್ಷೆ ಬರೆದು ಕಾದೆ. ಸಭಾಂಗಣದಲ್ಲಿ ಟಿಕೆಟ್ಟಿಲ್ಲದೆ ಹವ್ಯಾಸಿಗಳು ಹಾಡುವುದಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇದೆ, ಅದೇ ಹಾಡನ್ನು ಅಂತರ್ಜಾಲಕ್ಕೆ ಏರಿಸಿದರೆ ಆ ವಿನಾಯಿತಿಯ ಕೊಡೆ ಸಾಲುವುದಿಲ್ಲ.

ಸರಕಾರಕ್ಕೆ ಶುಲ್ಕ ಕಟ್ಟಿ ಚಿತ್ರಗೀತೆ ಹಾಡುವ ನೇರ ದಾರಿ ಇದೆಯೇ ಎಂದು ಅನೇಕರು ಕೇಳುತ್ತಾರೆ. ಕವರ್ ಹಾಡಿಗೆಂದು, ಅಂದರೆ ಬಂದಿರುವ ಹಾಡನ್ನು ಇನ್ನೊಬ್ಬರು ಹಾಡಿ ಮುದ್ರಿಸುವುದಕ್ಕೆಂದು, ಕಾಯ್ದೆಯ 31ಸಿ ಕಲಂ ಇದೆ, ಆದರೆ ಮೂಲ ಬಂದು ಐದು ವರ್ಷ ಕಳೆದಿರಬೇಕು, ಕನಿಷ್ಠ 50,000 ಪ್ರತಿಗಳ ರಾಯಧನವನ್ನು ಮುಂಗಡವಾಗಿ ಕೊಡಬೇಕು. ಕ್ಯಾಸೆಟ್ ಮಾರುವವರನ್ನು ಮನಸ್ಸಿನಲ್ಲಿಟ್ಟು ಬರೆದ ಕಲಂ ಅದು. ರಾಯಧನ ಕೊಟ್ಟು ಹಾಡು ಪ್ರಸಾರ ಮಾಡಲು ಪ್ರಸಾರಕರಿಗೆ 31ಡಿ ಇದೆ. ಅದು ರೇಡಿಯೊ, ಟಿವಿಗೆ ಮಾತ್ರ, ಅಂತರ್ಜಾಲದ ಸ್ಟ್ರೀಮಿಂಗ್‌ಗೆ ಅಲ್ಲ ಎಂದು ಬಾಂಬೆ ಹೈಕೋರ್ಟ್ 2019ರಲ್ಲಿ ಟಿಪ್ಸ್ ಎಂಬ ಸಂಗೀತ ಕಂಪನಿ ಮತ್ತು ವಿಂಕ್ ಎಂಬ ಸ್ಟ್ರೀಮಿಂಗ್ ಆ್ಯಪ್ ನಡುವಿನ ಪ್ರಕರಣದಲ್ಲಿ ಹೇಳಿತು, 2022ರಲ್ಲಿ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು. ಹಾಗಾಗಿ ಚಿತ್ರಗೀತೆಯನ್ನು ನಾನು ಚಾನೆಲ್‌ನಿಂದಲೇ ಕೈಬಿಟ್ಟೆ. ದೊಡ್ಡವರಿಗೂ ಇದು ತಪ್ಪಿಲ್ಲ ಎನ್ನುವುದೊಂದು ಸಣ್ಣ ಸಮಾಧಾನ: ಕೆಜಿಎಫ್ 2ರ ಸಂಗೀತ ಬಳಸಿದರೆಂಬ ದೂರಿನ ಮೇಲೆ 2022ರ ನವೆಂಬರ್‌ನಲ್ಲಿ ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ ಪಕ್ಷದ ಟ್ವಿಟರ್ ಖಾತೆಯನ್ನೇ ತಡೆಹಿಡಿಯಲು ಆದೇಶಿಸಿತ್ತು. ಮರುದಿನವೇ ಹೈಕೋರ್ಟ್ ಮಧ್ಯೆ ಪ್ರವೇಶಿಸಿ, ಆ ವಿಡಿಯೊಗಳನ್ನು ತೆಗೆಯಬೇಕೆಂಬ ಷರತ್ತಿನ ಮೇಲೆ ಖಾತೆ ಉಳಿಸಿತು.

ಶರೀಫರ ಆ ಪದವನ್ನು ಕಳೆದ ಶ್ರಾವಣದಲ್ಲಿ ಮತ್ತೆ ಮುದ್ರಿಸಿದೆ, ಬೇರೆ ಮಟ್ಟಿನಲ್ಲಿ. ಊರ ಹೊರಗಿನ ಹಳ್ಳಿಯೊಂದರ ಭಜನಾ ಮೇಳದ ಹಿರಿಯರಿಂದ ಕಲಿತದ್ದು, ಅವರೇ ಏಕತಾರಿ ಹಿಡಿದು ಹಾಡಿದರು, ನಾವು ಹಿಂದೆ ಧ್ವನಿ ಕೂಡಿಸಿದೆವು. ಆ್ಯಪ್‌ನ ತಂಬೂರಿ ಇಲ್ಲ. ನೋಟ್‌ಬುಕ್ ತೆರೆದು ಈ ಮಟ್ಟು ಯಾರದು ಎಂದು ಕೇಳಿದೆ. ಅವರ ಅಜ್ಜನಿಂದ ಬಂದದ್ದು, ಅಜ್ಜನಿಗೆ ಮಠದಲ್ಲಿ ಯಾರೋ ಹೇಳಿಕೊಟ್ಟದ್ದು ಎಂದರು. ಎರಡನೆಯ ಮನೆಯಲ್ಲಿ ‘ಪರಂಪರೆ’ ಎಂದು ಬರೆದು, ಮೂರನೆಯ ಮನೆಗಾಗಿ ಅವರ ಮುಂದೆ ಕಾಗದ ಇಟ್ಟೆ. ಹಾಡಿದವರಿಗೂ ಕಾಯ್ದೆಯಲ್ಲಿ ಹಕ್ಕಿದೆ, 50 ವರ್ಷ.

‘ಹಾಡಿದ್ದಕ್ಕೂ ಕಾಗದ ಬೇಕೇ ತಂಗೀ?’ ಎಂದರು.

‘ಬೇಕು ಅಜ್ಜಾವರೆ, ನಾಳೆ ನಿಮ್ಮ ದನಿ ನಮ್ಮದು ಎಂದು ಯಾರಾದರೂ ಬಂದರೆ ತೋರಿಸಲು.’

ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ಸಹಿ ಹಾಕಿದರು. ಆಮೇಲೆ ಜೇಬಿನಿಂದ ಪೆನ್‌ಡ್ರೈವ್ ತೆಗೆದು, ಸೋಮವಾರದ ಭಜನೆಗೆ ಮುಂಚೆ ಗುಡಿಯ ಮೈಕಿನಲ್ಲಿ ಹಾಕಲು ಒಂದು ಪ್ರತಿ ಬೇಕು ಎಂದು ಕೇಳಿದರು. ಹಾಡಿನ ಜೊತೆಗೆ ಆ ಕಾಗದದ ಫೋಟೊವನ್ನೂ ಅದರಲ್ಲಿ ಹಾಕಿಕೊಟ್ಟೆ.