‘ಯಾವ ಸಾಲಿನಲ್ಲಿ?’: ‘ಕೆರೆಗೆ ಹಾರ’ದ ಮೇಲೆ ನಾನೊಂದು ಪ್ರಬಂಧ ಬರೆದದ್ದು

ಎಂ.ಎ. ಓದುವಾಗ ಒಂದು ಕೃತಿ ಆರಿಸಿಕೊಂಡು ಅದರ ಆಶಯ ಮತ್ತು ಸಂಕೇತಗಳ ಬಗ್ಗೆ ಪ್ರಬಂಧ ಬರೆಯಬೇಕಿತ್ತು. ಉಳಿದವರೆಲ್ಲ ದಪ್ಪ ದಪ್ಪ ಕಾದಂಬರಿ ಹಿಡಿದರು. ನಾನು ಸ್ವಲ್ಪ ಸೋಮಾರಿ. ಚಿಕ್ಕದಿದೆ ಅಂತ ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆ ತೆಗೆದುಕೊಂಡೆ. ಕಥೆ ಗೊತ್ತೇ ಇದೆ, ಎರಡು ಸಂಜೆಯ ಕೆಲಸ ಅಂದುಕೊಂಡಿದ್ದೆ. ಮೂರು ವಾರ ಹಿಡಿಯಿತು.

ಕಥೆ ನಿಮಗೂ ಗೊತ್ತಿರಬಹುದು. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ಹನಿ ನೀರು ಬೀಳುವುದಿಲ್ಲ. ಪಂಚಾಂಗ ನೋಡಿದರೆ ಸೊಸೆಯನ್ನು ಬಲಿ ಕೊಡಬೇಕು ಅಂತ ಬರುತ್ತದೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆತನಕ್ಕೆ ಯಾರು? ಹಾಗಾಗಿ ಕಿರಿಯವಳು, ಭಾಗೀರತಿ. ವಿಷಯ ಅವಳಿಗೂ ಗೊತ್ತಾಗುತ್ತದೆ. ಅವಳ ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ. ಗಂಗೆ ಪೂಜೆ ಮುಗಿಸಿ ಮರಳುವಾಗ ‘ಬಂಗಾರದ ಬಟ್ಟಲು ಮರೆತು ಬಂದೆವು’ ಅಂತ ಅವಳೊಬ್ಬಳನ್ನೇ ವಾಪಸ್ ಕಳಿಸುತ್ತಾರೆ. ಕೆರೆ ತುಂಬುತ್ತದೆ.

ಮೊದಲ ಕರಡಿನಲ್ಲಿ ನಾನು ಬರೆದದ್ದು ಹೀಗೆ: ‘ಈ ಗೀತೆಯ ಆಶಯ ತ್ಯಾಗ. ಇಲ್ಲಿ ನೀರು ಜೀವದ ಸಂಕೇತ, ಬಂಗಾರ ಸಿರಿಯ ಸಂಕೇತ, ಕೆರೆ ತಾಯಿಯ ಸಂಕೇತ.’ ಓದಿದರೆ ಘನವಾಗಿಯೇ ಕಾಣುತ್ತಿತ್ತು. ಮೇಡಂ ಪ್ರತಿ ವಾಕ್ಯದ ಪಕ್ಕ ಪೆನ್ಸಿಲ್ಲಿನಲ್ಲಿ ಒಂದೇ ಪ್ರಶ್ನೆ ಬರೆದು ಕೊಟ್ಟರು: ‘ಯಾವ ಸಾಲಿನಲ್ಲಿ?’ ತ್ಯಾಗ ಅನ್ನುವ ಪದದ ಕೆಳಗೆ ಮಾತ್ರ ಬೇರೆ ಪ್ರಶ್ನೆ ಇತ್ತು: ‘ಮಾಡಿದವರು ಯಾರು?’

ಉತ್ತರ ನನ್ನ ಹತ್ತಿರ ಇರಲಿಲ್ಲ. ನೀರು ಅಂದರೆ ಜೀವ ಅನ್ನುವುದು ಹಾಡು ಓದದೆಯೂ ಹೇಳಬಹುದಾದ ಮಾತು, ಅಲ್ವಾ?

ಆಮೇಲೆ ಮಾಡಿದ ಮೊದಲ ಕೆಲಸ, ಇಡೀ ಹಾಡನ್ನು ಕೈಯಾರೆ ನಕಲು ಮಾಡಿದ್ದು. ಪೆದ್ದು ಕೆಲಸ ಅನ್ನಿಸಬಹುದು. ಆದರೆ ಕಣ್ಣು ಜಾರಿಸಿಕೊಂಡು ಹೋಗುವ ಪದವನ್ನು ಕೈ ಬಿಡುವುದಿಲ್ಲ. ‘ಸಿಂಬಿ’ ಅಂತ ಬರೆದಾಗಲೇ ಆ ಪದ ನನಗೆ ತಿಳಿಯದು ಅಂತ ಗೊತ್ತಾದದ್ದು. ರೂಮಿನಲ್ಲಿದ್ದ ಬಾಗಲಕೋಟೆ ಕಡೆಯ ಗೆಳತಿ ನಕ್ಕಳು. ತಲೆ ಮೇಲೆ ಕೊಡ ಇಡುವ ಮುಂಚೆ ಬಟ್ಟೆ ಸುತ್ತಿ ಇಟ್ಟುಕೊಳ್ಳುತ್ತಾರಲ್ಲ, ಅದು. ‘ಹಾರ’ದ ವಿಷಯವೂ ಹೀಗೇ. ನಾನು ಹೂವಿನ ಹಾರ ಅಂದುಕೊಂಡಿದ್ದೆ. ಇಲ್ಲಿ ಹಾರ ಕೊಡುವುದು ಅಂದರೆ ಬಲಿ ಕೊಡುವುದು. ಆದರೂ ಹೂವಿನ ಹಾರ ಕಿವಿಯಿಂದ ಪೂರ್ತಿ ಹೋಗುವುದಿಲ್ಲ. ಪೂಜೆಯ ಪದ, ಕೊಲೆಯ ಕೆಲಸ. ಪ್ರಬಂಧದ ಮೊದಲ ಪ್ಯಾರಾ ಇಲ್ಲೇ ಸಿಕ್ಕಿತು.

ಎರಡನೇ ಕೆಲಸ, ನೀಲಿ ಪೆನ್ಸಿಲ್ ತೆಗೆದುಕೊಂಡು ನೀರು ಬರುವ ಪ್ರತಿ ಜಾಗಕ್ಕೂ ಗೆರೆ ಎಳೆದೆ. ಹಳದಿಯಲ್ಲಿ ಬಂಗಾರ. ಕೆಂಪಿನಲ್ಲಿ ಸುಳ್ಳು. ಸುಳ್ಳಿಗೂ ಬಣ್ಣ ಬೇಕಾಗುತ್ತದೆ ಅಂತ ಶುರುವಿನಲ್ಲಿ ಗೊತ್ತಿರಲಿಲ್ಲ, ಓದುತ್ತಾ ಹೋದಂತೆ ಬೇಕಾಯಿತು.

ನೀಲಿ ಗೆರೆಗಳನ್ನು ಸಾಲಾಗಿ ನೋಡಿದಾಗ ಮೈ ಜುಮ್ಮೆಂದಿತು. ಹಾಡಿನ ಶುರುವಿನಲ್ಲಿ ಕೆರೆಗೆ ನೀರಿಲ್ಲ. ಮೊದಲು ನೀರು ಬರುವುದು ಭಾಗೀರತಿಯ ಕಣ್ಣಿನಲ್ಲಿ. ಪೂಜೆಯ ಅಡುಗೆಗೆ ಅಕ್ಕಿ ಹಸನು ಮಾಡುವಾಗ ಅಳುತ್ತಾಳೆ. ಯಾಕೆ ಅಂತ ಕೇಳಿದರೆ ಅಕ್ಕಿಯೊಳಗಿನ ಹಳ್ಳು, ಅಂದರೆ ಸಣ್ಣ ಕಲ್ಲು, ಸಿಡಿದು ಕಣ್ಣಿಗೆ ಬಿತ್ತು ಅನ್ನುತ್ತಾಳೆ. ಕೆರೆಯ ನೀರು ಬರುವುದು ಆಮೇಲೆ. ಅದೂ ಅವಳ ಮೈಯಿಂದಲೇ ಅಳತೆ: ಪಾದ, ಮೊಣಕಾಲು, ನಡು. ಇಷ್ಟು ಎಂಜಿನಿಯರ್ ಲೆಕ್ಕದಲ್ಲಿ ಸಾವನ್ನು ಹೇಳಿದ ಇನ್ನೊಂದು ಹಾಡು ನಾನು ಕಂಡಿಲ್ಲ.

ಆ ಜಾಗದಲ್ಲಿ ನನ್ನನ್ನು ಎರಡು ದಿನ ಹಿಡಿದು ನಿಲ್ಲಿಸಿದ್ದು ಒಂದು ಕ್ರಿಯಾಪದ. ‘ಒಂದು ಮೆಟ್ಟಿಲೇರಿತಾಳು ಪಾದಕ ಬಂದಿತು ನೀರ.’ ಅವಳು ಇಳಿಯುತ್ತಿಲ್ಲ, ಏರುತ್ತಿದ್ದಾಳೆ. ಬಟ್ಟಲು ಹಿಡಿದುಕೊಂಡು ಮನೆಗೆ ಹೊರಟಿದ್ದಾಳೆ. ಒಂದೊಂದು ಮೆಟ್ಟಿಲು ಹತ್ತಿದ ಹಾಗೂ ನೀರು ಅವಳಿಗಿಂತ ಒಂದು ಕೈ ಮುಂದೆ. ತಾನಾಗಿ ಪ್ರಾಣ ಕೊಟ್ಟವಳಾದರೆ ಮೆಟ್ಟಿಲು ಹತ್ತುವುದು ಯಾಕೆ? ನನ್ನ ‘ತ್ಯಾಗ’ ಈ ಒಂದು ಪದಕ್ಕೆ ಮುರಿದು ಬಿತ್ತು. ಮೇಡಂ ಕೇಳಿದ್ದೂ ಇದನ್ನೇ. ಹೆಸರನ್ನೇ ನೋಡಿ. ಪುರಾಣದಲ್ಲಿ ಭಗೀರಥ ತಪಸ್ಸು ಮಾಡಿ ಗಂಗೆಯನ್ನು ತಂದ, ಅವಳು ಭಾಗೀರಥಿಯಾದಳು. ಇಲ್ಲಿ ತಪಸ್ಸು ಯಾರೂ ಮಾಡುವುದಿಲ್ಲ. ಮನೆಯ ಭಾಗೀರತಿಯನ್ನೇ ನೀರು ಮಾಡಿಬಿಡುತ್ತಾರೆ.

ಬಂಗಾರಕ್ಕೂ ಇದೇ ಗತಿ. ಕೆರೆಗೆ ಹೋಗುವಾಗ ‘ಮುಂದ ಮುಂದ ಭಾಗೀರತಿ ಹಿಂದಿಂದ ಎಲ್ಲಾರು’, ತಲೆ ಮೇಲೆ ಬಂಗಾರ. ಮರ್ಯಾದೆಯ ಮೆರವಣಿಗೆ ಅನ್ನಿಸುತ್ತದೆ. ಮರಳುವಾಗ ಅದೇ ಬಂಗಾರ ಬಲೆಗೆ ಇಟ್ಟ ಕಾಳು. ಬಂಗಾರ ‘ಸಿರಿಯ ಸಂಕೇತ’ ಅಂತ ಬರೆದಿದ್ದನ್ನು ಹೊಡೆದು, ‘ಇಲ್ಲಿ ಬಂಗಾರ ಕಂಡಾಗಲೆಲ್ಲ ಅವಳಿಂದ ಏನೋ ಕಸಿಯುತ್ತಾರೆ’ ಅಂತ ಬರೆದೆ.

ಕೆಂಪು ಗೆರೆಗಳು ಆಶಯವನ್ನು ಕೊಟ್ಟವು. ಭಾಗೀರತಿ ತವರಿಗೆ ಓಡುತ್ತಾಳೆ. ಅಪ್ಪನಿಗೆ ನಿಜ ಹೇಳುವುದಿಲ್ಲ, ‘ಅತ್ತೆ ಮಾವ ಬೇರೆ ಇಡುತ್ತಾರಂತೆ’ ಅನ್ನುತ್ತಾಳೆ. ಬಟ್ಟಲಿನ ಮಾತು ಅತ್ತೆ ಮಾವಂದಿರ ಸುಳ್ಳು. ಮಾದೇವರಾಯ ಬಂದು ಕೇಳಿದಾಗ ತವರಿಗೆ ಹೋಗಿದ್ದಾಳೆ ಅನ್ನುವುದೂ ಸುಳ್ಳು. ಇಡೀ ಹಾಡಿನಲ್ಲಿ ನಿಜ ಹೊರಬೀಳುವುದು ಗೆಳತಿಯ ಮನೆಯಲ್ಲಿ ಮಾತ್ರ. ಮೊದಲು ಭಾಗೀರತಿ ಅವಳ ಮುಂದೆ ಹೇಳುತ್ತಾಳೆ, ಕೊನೆಗೆ ಅದೇ ಗೆಳತಿ ಮಾದೇವರಾಯನಿಗೆ ಹೇಳುತ್ತಾಳೆ. ಆದರೆ ಆ ಗೆಳತಿಯೂ ಅವಳನ್ನು ಉಳಿಸುವುದಿಲ್ಲ. ‘ಕೊಟ್ಟರೆ ಕೊಡಲಿ, ಇಟ್ಟಂಗ ಇರಬೇಕು’ ಅನ್ನುತ್ತಾಳೆ. ಹಾಗಾಗಿ ಆಶಯವನ್ನು ಒಂದು ಪದದಲ್ಲಿ ಹೇಳುವ ಆಸೆ ಬಿಟ್ಟೆ. ‘ಎಲ್ಲರಿಗೂ ಗೊತ್ತಿದ್ದ ಕೊಲೆಯನ್ನು ಒಳ್ಳೆಯ ಮಾತುಗಳು ಹೇಗೆ ಸಾಗಿಸುತ್ತವೆ ಅಂತ ಈ ಹಾಡು ತೋರಿಸುತ್ತದೆ’ ಅಂತ ಬರೆದೆ. ಇದನ್ನು ಯಾರಾದರೂ ಒಪ್ಪದೆ ಇರಬಹುದು. ‘ಆಶಯ ತ್ಯಾಗ’ ಅಂದರೆ ಒಪ್ಪಲಿಕ್ಕೂ ಜಗಳ ಮಾಡಲಿಕ್ಕೂ ಏನೂ ಇಲ್ಲ.

ಓದುತ್ತಾ ಹೊರಗಿನ ಹಾಡುಗಳೂ ಸಿಕ್ಕವು. ಗ್ರೀಸಿನ ಆರ್ಟಾ ಸೇತುವೆಯ ಹಾಡಿನಲ್ಲಿ ಮೇಸ್ತ್ರಿಯ ಹೆಂಡತಿಯನ್ನು ಬಿದ್ದ ಉಂಗುರ ತರಲು ಕೆಳಗೆ ಇಳಿಸಿ ಅಲ್ಲೇ ಅವಳ ಮೇಲೆ ಸೇತುವೆ ಕಟ್ಟಿಬಿಡುತ್ತಾರೆ. ಸ್ಕಾದರ್ ಕೋಟೆಯ ಸರ್ಬಿಯನ್ ಹಾಡಿನಲ್ಲೂ ಗೋಡೆಯೊಳಗೆ ಹೋಗುವವಳು ಮೂವರು ಅಣ್ಣತಮ್ಮಂದಿರಲ್ಲಿ ಕಿರಿಯವನ ಹೆಂಡತಿ. ಖುಷಿಯಾಗಿ ಎರಡು ಪುಟ ಬರೆದೆ. ಆಮೇಲೆ ಎರಡು ವಾಕ್ಯಕ್ಕೆ ಇಳಿಸಿದೆ. ಉಂಗುರವೂ ಬಟ್ಟಲೂ ಒಂದೇ ಕೆಲಸ ಮಾಡುತ್ತವೆ ಅನ್ನುವುದಷ್ಟೇ ನನ್ನ ವಾದಕ್ಕೆ ಬೇಕಿತ್ತು.

ಕಷ್ಟವಾದದ್ದು ಮಾದೇವರಾಯ. ನಿಜ ತಿಳಿದು ಅವನೂ ಅದೇ ಕೆರೆಗೆ ಹಾರುತ್ತಾನೆ. ಪ್ರೇಮದ ಮುಗಿತಾಯ ಅಂತ ಬಿಡಬಹುದಿತ್ತು. ಆದರೆ ಶುರುವಿನ ಲೆಕ್ಕ ನೆನಪಾಯಿತು. ಮನೆತನ ಉಳಿಯಲಿ ಅಂತ ಕಿರಿಯ ಸೊಸೆಯನ್ನು ಆರಿಸಿದ್ದರು. ಕೆರೆ ತುಂಬಿತು, ಮನೆ ಮಗನೇ ಹೋದ. ಅವನಿಗೆ ‘ಹಾರ’ವಾಗು ಅಂತ ಯಾರೂ ಹೇಳಿರಲಿಲ್ಲ. ನನ್ನ ‘ತ್ಯಾಗ’ಕ್ಕೆ ಜಾಗ ಇದ್ದರೆ ಇಲ್ಲಿತ್ತೇನೋ, ಅವಳಲ್ಲಿ ಅಲ್ಲ. ಈ ಪ್ಯಾರಾ ನಾಲ್ಕು ಸಲ ಬರೆದೆ. ಈಗಲೂ ಪೂರ್ತಿ ಸಮಾಧಾನ ಇಲ್ಲ.

ಕೊನೆಗೆ ‘ಇಂದಿನ ಸಮಾಜಕ್ಕೂ ಈ ಗೀತೆ ಅನ್ವಯಿಸುತ್ತದೆ’ ಅಂತ ಅರ್ಧ ಪುಟ ಇತ್ತು. ಅದರ ಪಕ್ಕ ನಾನೇ ಪೆನ್ಸಿಲ್ಲಿನಲ್ಲಿ ‘ಯಾವ ಸಾಲಿನಲ್ಲಿ?’ ಅಂತ ಬರೆದೆ. ಸಿಗಲಿಲ್ಲ. ಹೊಡೆದು ಹಾಕಿ, ಮರುದಿನ ಬೆಳಿಗ್ಗೆ ಒಪ್ಪಿಸಿ ಬಂದೆ.